ಸಂಕಿರಣಕ್ಕೆ ಪ್ರಬಂಧ ಕಳಿಸುವವರಿಗೆ: ಕರೆ ಓದುವುದರಿಂದ ಪ್ರಶ್ನೋತ್ತರದ ತನಕ

ಸಾಹಿತ್ಯ, ಜನಪ್ರಿಯ ಸಂಸ್ಕೃತಿ, ಲಿಂಗತ್ವ, ಅಸ್ಮಿತೆ. ಈ ನಾಲ್ಕರಲ್ಲಿ ಎರಡಾದರೂ ಹೆಸರಲ್ಲಿಲ್ಲದ ಮಾನವಿಕ ಸಂಕಿರಣ ಈಗ ಅಪರೂಪ. ಕನ್ನಡ, ಇಂಗ್ಲಿಷ್, ಮಹಿಳಾ ಅಧ್ಯಯನ, ಪತ್ರಿಕೋದ್ಯಮ ವಿಭಾಗಗಳ ಸಂಶೋಧನಾರ್ಥಿಗಳು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ: ಸಾರಲೇಖ ಹೇಗೆ ಬರೆಯುವುದು? ಶುಲ್ಕ ಕೇಳುತ್ತಿದ್ದಾರೆ, ಕಟ್ಟಬಹುದೇ? ಹದಿನೈದು ನಿಮಿಷಕ್ಕೆ ಎಷ್ಟು ಪುಟ ಬೇಕು? ಕನ್ನಡದ ಸಾಮಗ್ರಿಯನ್ನು ಕನ್ನಡ ಬಾರದವರ ಮುಂದೆ ಇಡುವುದು ಹೇಗೆ? ಇವಕ್ಕೆಲ್ಲ ಒಂದೇ ಕಡೆ ಉತ್ತರ ಕೊಡುವ ಪ್ರಯತ್ನ ಇದು.

ಮೊದಲು, ಸಂಕಿರಣದಲ್ಲಿ ಮಂಡಿಸದೆ ಮಹಾಪ್ರಬಂಧ ಸಲ್ಲಿಸಲಾಗದು ಎಂಬ ತಪ್ಪು ತಿಳಿವಳಿಕೆ ಕಳೆಯೋಣ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ಪಿಎಚ್‌.ಡಿ. ನಿಯಮದ ಪ್ರಕಾರ ಮಹಾಪ್ರಬಂಧ ಸಲ್ಲಿಸುವ ಮುನ್ನ ಸಂಕಿರಣಗಳಲ್ಲಿ ಎರಡು ಪ್ರಬಂಧ ಮಂಡಿಸಿರಬೇಕಿತ್ತು, ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟವಾಗಿರಬೇಕಿತ್ತು. 2022ರ ನಿಯಮದಲ್ಲಿ ಈ ಕಡ್ಡಾಯ ಇಲ್ಲ. ಆದರೆ ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮಾವಳಿಯಲ್ಲಿ ಅದನ್ನು ಉಳಿಸಿಕೊಂಡಿರಬಹುದು. ಸೀನಿಯರ್‌ಗಳ ಬಾಯಿಮಾತು ನಂಬದೆ, ನೀವು ನೋಂದಾಯಿಸಿದ ವರ್ಷಕ್ಕೆ ಅನ್ವಯಿಸುವ ನಿಯಮದ ಪ್ರತಿಯನ್ನು ಪಿಎಚ್‌.ಡಿ. ವಿಭಾಗದಿಂದ ಪಡೆದು ಓದಿ. ಎಷ್ಟೋ ಜನ ಬೇಕಿಲ್ಲದ ಪ್ರಮಾಣಪತ್ರಕ್ಕಾಗಿ ದುಡ್ಡು ಸುರಿಯುತ್ತಿದ್ದಾರೆ.

ಕೆಲವು ಪದಗಳು. ‘ಕರೆ’ ಎಂದರೆ ಪ್ರಬಂಧಗಳನ್ನು ಆಹ್ವಾನಿಸುವ ಪ್ರಕಟಣೆ. ‘ಸಾರಲೇಖ’ ಎಂದರೆ ನೀವು ಏನು ಮಂಡಿಸುತ್ತೀರಿ ಎಂದು 200ರಿಂದ 300 ಪದಗಳಲ್ಲಿ ಬರೆದು ಮೊದಲೇ ಕಳಿಸುವ ಟಿಪ್ಪಣಿ. ಆಯ್ಕೆ ನಡೆಯುವುದು ಇದರ ಮೇಲೆಯೇ. ‘ಗೋಷ್ಠಿ’ ಎಂದರೆ ಮೂರು ನಾಲ್ಕು ಪ್ರಬಂಧಗಳು ಒಟ್ಟಿಗೆ ಮಂಡನೆಯಾಗುವ ಅವಧಿ. ‘ಆಶಯ ಭಾಷಣ’ ಆಹ್ವಾನಿತ ವಿದ್ವಾಂಸರದು. ಅದಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ.

1. ಎಲ್ಲಿಗೆ ಕಳಿಸಬೇಕೆಂದು ನಿರ್ಧರಿಸಿ

ಕನ್ನಡದಲ್ಲೇ ಮಂಡಿಸುವುದಾದರೆ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, ಅಕಾಡೆಮಿಗಳು ಮತ್ತು ಪದವಿ ಕಾಲೇಜುಗಳ ಪ್ರಕಟಣೆಗಳನ್ನು ಗಮನಿಸುತ್ತಿರಿ. ಇಲ್ಲಿ ಕರೆ ಬರುವುದು ತಡವಾಗಿ. ಸಂಕಿರಣಕ್ಕೆ ಮೂರು ನಾಲ್ಕು ವಾರ ಇರುವಾಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಹರಿದಾಡಿದರೆ ಅದೇ ಕರೆ.

ದೇಶದ ಮಟ್ಟದಲ್ಲಿ, ಇಂಗ್ಲಿಷ್ ವಿಭಾಗದವರಿಗೆ ಕಾಮನ್‌ವೆಲ್ತ್ ಸಾಹಿತ್ಯ ಮತ್ತು ಭಾಷಾ ಅಧ್ಯಯನದ ಭಾರತೀಯ ಸಂಘದ ವಾರ್ಷಿಕ ಸಮ್ಮೇಳನ ಇದೆ. ತೌಲನಿಕ ಅಧ್ಯಯನದವರಿಗೆ ಭಾರತೀಯ ತೌಲನಿಕ ಸಾಹಿತ್ಯ ಸಂಘ ಇದೆ. ಲಿಂಗತ್ವದ ಕೆಲಸಕ್ಕೆ 1982ರಲ್ಲಿ ಹುಟ್ಟಿದ ಭಾರತೀಯ ಮಹಿಳಾ ಅಧ್ಯಯನ ಸಂಘದ ರಾಷ್ಟ್ರೀಯ ಸಮ್ಮೇಳನ ತಕ್ಕ ಜಾಗ. ಅದು ಪ್ರತಿ ವರ್ಷ ನಡೆಯುವುದಿಲ್ಲ. ಉಪವಿಷಯಗಳಾಗಿ ಒಡೆದಿರುತ್ತದೆ, ನಿಮ್ಮ ಸಾರಲೇಖ ಸರಿಯಾದ ಉಪವಿಷಯಕ್ಕೆ ಹೋಗಬೇಕು.

ಹೊರದೇಶದ ಸಮ್ಮೇಳನಗಳ ನಡಾವಳಿ ಬೇರೆ. ಅಮೆರಿಕದ ಜನಪ್ರಿಯ ಸಂಸ್ಕೃತಿ ಸಂಘ ತನ್ನ ಸಮ್ಮೇಳನವನ್ನು ವಿಷಯವಾರು ಹಂಚಿ, ಪ್ರತಿ ವಿಷಯಕ್ಕೂ ಒಬ್ಬ ಮುಖ್ಯಸ್ಥರನ್ನು ಇಡುತ್ತದೆ. ಸಾರಲೇಖ ಓದುವವರು ಅವರೇ. ಅಮೆರಿಕನ್ ತೌಲನಿಕ ಸಾಹಿತ್ಯ ಸಂಘದ್ದು ‘ಸೆಮಿನಾರ್’ ಪದ್ಧತಿ: ಎಂಟರಿಂದ ಹನ್ನೆರಡು ಜನರ ಒಂದೇ ಗುಂಪು ಎರಡು ಮೂರು ದಿನ ಸತತವಾಗಿ ಕೂರುತ್ತದೆ. ಒಬ್ಬರು ಮಂಡಿಸಿ ಎದ್ದು ಹೋಗುವ ಜಾಗ ಅದಲ್ಲ. ದಕ್ಷಿಣ ಏಷ್ಯಾದ ಮೇಲೆ ಕೆಲಸ ಮಾಡುವವರಿಗೆ ಅಮೆರಿಕದ ಮ್ಯಾಡಿಸನ್‌ನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಸಮ್ಮೇಳನ ಪರಿಚಿತ. ಕರ್ನಾಟಕದ ಸಾಮಗ್ರಿಗೆ ಪೀಠಿಕೆ ಹಾಕುವ ಶ್ರಮ ಅಲ್ಲಿ ಕಡಿಮೆ. ಇವೆಲ್ಲದರ ಕರೆ ಆರರಿಂದ ಹತ್ತು ತಿಂಗಳು ಮುಂಚೆ ಬರುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ನಡೆಸುವ ಕರೆಗಳ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿದರೆ ಬಹುಪಾಲು ಸಿಗುತ್ತವೆ. ಅದರಲ್ಲಿ ಜನಪ್ರಿಯ ಸಂಸ್ಕೃತಿಗೂ ಲಿಂಗತ್ವಕ್ಕೂ ಬೇರೆ ಬೇರೆ ವಿಭಾಗಗಳಿವೆ.

ನನ್ನ ಸಲಹೆ: ಮೊದಲ ಪ್ರಬಂಧ ಕನ್ನಡದಲ್ಲಿ, ನಿಮ್ಮ ಕ್ಷೇತ್ರ ಬಲ್ಲವರ ಮುಂದೆ ಮಂಡಿಸಿ. ಅಲ್ಲಿ ಸಿಗುವ ತಿದ್ದುಪಡಿ ಬೇರೆಲ್ಲೂ ಸಿಗುವುದಿಲ್ಲ.

2. ಅಸಲಿಯೋ ದಂಧೆಯೋ ನೋಡಿ

‘ಅಂತರರಾಷ್ಟ್ರೀಯ ಬಹುಶಿಸ್ತೀಯ ಸಮ್ಮೇಳನ’ ಎಂಬ ಹೆಸರಲ್ಲಿ ಎಂಜಿನಿಯರಿಂಗ್, ವಾಣಿಜ್ಯ, ಯೋಗ, ಸಾಹಿತ್ಯ ಎಲ್ಲವೂ ಒಂದೇ ದಿನ, ಒಂದೇ ಹೋಟೆಲಿನಲ್ಲಿ ಇದ್ದರೆ ಅನುಮಾನ ಪಡಿ. ಇನ್ನೂ ಕೆಲವು ಗುರುತುಗಳಿವೆ. ಸಾರಲೇಖ ಕಳಿಸಿದ ಮರುದಿನವೇ ‘ನಿಮ್ಮ ಅಮೂಲ್ಯ ಪ್ರಬಂಧ ಆಯ್ಕೆಯಾಗಿದೆ’ ಎಂಬ ಪತ್ರ ಬರುತ್ತದೆ. ಸಂಘಟಕರ ಪಟ್ಟಿಯಲ್ಲಿ ವಿಭಾಗದ ಹೆಸರಿರುವುದಿಲ್ಲ. ಹಾಜರಾಗದಿದ್ದರೂ ಪ್ರಮಾಣಪತ್ರ ಕೊಡುತ್ತೇವೆ ಎನ್ನುತ್ತಾರೆ. ಸಂಶೋಧನಾ ಪತ್ರಿಕೆಗಳ ಸೂಚಿಯಾದ ಸ್ಕೋಪಸ್‌ನಲ್ಲಿ ಸೇರಿಸುವ ಖಾತರಿಯನ್ನು ಮೊದಲೇ ಕೊಡುತ್ತಾರೆ. ಅಂಥ ಖಾತರಿ ಕೊಡುವ ಅಧಿಕಾರ ಯಾವ ಸಂಘಟಕರಿಗೂ ಇಲ್ಲ.

ಪರೀಕ್ಷಿಸಲು ಅರ್ಧ ಗಂಟೆ ಸಾಕು. ಸಂಘಟನಾ ಸಮಿತಿಯ ಇಬ್ಬರ ಹೆಸರನ್ನು ಅವರವರ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹುಡುಕಿ. ಕಳೆದ ವರ್ಷದ ಕಾರ್ಯಕ್ರಮ ಪಟ್ಟಿ ತೆರೆದು, ಅಲ್ಲಿ ಮಂಡಿಸಿದವರು ನಿಮ್ಮ ಕ್ಷೇತ್ರದಲ್ಲಿ ಬರೆಯುತ್ತಿದ್ದಾರೆಯೇ ನೋಡಿ. ಆಶಯ ಭಾಷಣಕಾರರೆಂದು ಹೆಸರಿಸಿದವರಿಗೇ ಎರಡು ಸಾಲಿನ ಇಮೇಲ್ ಬರೆದು ಕೇಳಿದರೂ ತಪ್ಪಿಲ್ಲ. ಅವರ ಹೆಸರನ್ನು ಕೇಳದೆಯೇ ಹಾಕಿಕೊಂಡಿರುವುದೂ ಉಂಟು.

ಶುಲ್ಕ ಇದ್ದ ಮಾತ್ರಕ್ಕೆ ಅದು ದಂಧೆಯಲ್ಲ. ನಿಜವಾದ ಸಂಘಗಳೂ ನೋಂದಣಿ ಶುಲ್ಕ, ಸದಸ್ಯತ್ವ ಶುಲ್ಕ ಎರಡನ್ನೂ ಕೇಳುತ್ತವೆ. ವ್ಯತ್ಯಾಸ ಇರುವುದು ಕ್ರಮದಲ್ಲಿ: ಮೊದಲು ಆಯ್ಕೆ, ಆಮೇಲೆ ಹಣ. ಸಾರಲೇಖದ ಜೊತೆಯಲ್ಲೇ ಹಣ ಕಟ್ಟಿದ ರಸೀದಿ ಕೇಳುವ ಕಡೆಗೆ ಕಳಿಸಬೇಡಿ.

3. ಕರೆಯನ್ನು ಪೂರ್ತಿ ಓದಿ

ತಿರಸ್ಕೃತವಾಗುವ ಸಾರಲೇಖಗಳಲ್ಲಿ ದೊಡ್ಡ ಪಾಲು ಕಳಪೆ ಆಗಿರುವುದಿಲ್ಲ. ಕರೆಗೆ ಸಂಬಂಧ ಇರುವುದಿಲ್ಲ. ಕರೆಯ ಮೊದಲೆರಡು ಪ್ಯಾರಾದಲ್ಲಿ ಸಂಘಟಕರ ಪ್ರಶ್ನೆ ಇರುತ್ತದೆ. ಕೆಳಗಿನ ಹದಿನೈದಿಪ್ಪತ್ತು ಉಪವಿಷಯಗಳ ಪಟ್ಟಿ ಬರೀ ಸೂಚನೆ. ಎಲ್ಲರೂ ಪಟ್ಟಿಯಿಂದ ಒಂದನ್ನು ಎತ್ತಿಕೊಂಡು ಬರೆಯುತ್ತಾರೆ. ಆ ಪ್ರಶ್ನೆಗೆ ಉತ್ತರಿಸುವವರು ಕಡಿಮೆ, ಆಯ್ಕೆಯಾಗುವವರು ಅವರೇ.

ಕಾಗದದ ಮೇಲೆ ಇಷ್ಟನ್ನು ಬರೆದಿಟ್ಟುಕೊಳ್ಳಿ: ಪದಮಿತಿ, ಭಾಷೆ, ಕಡತದ ನಮೂನೆ, ಪರಿಚಯ ಟಿಪ್ಪಣಿ ಬೇಕೇ, ಹೆಸರು ಮರೆಮಾಚಿ ಕಳಿಸಬೇಕೇ, ಒಬ್ಬರು ಎಷ್ಟು ಪ್ರಬಂಧ ಕಳಿಸಬಹುದು, ಕೊನೆಯ ದಿನ.

ಕೊನೆಯ ದಿನದ ವಿಷಯದಲ್ಲಿ ಗಡಿಯಾರವನ್ನೂ ನೋಡಿ. ‘ಭೂಮಿಯ ಮೇಲೆ ಎಲ್ಲಾದರೂ’ ಎಂಬರ್ಥದ ‘ಎಒಇ’ ಸಮಯ ಕೊಟ್ಟಿದ್ದರೆ, ಜೂನ್ 30ರ ರಾತ್ರಿ 11:59 ಎಂದರೆ ನಮಗೆ ಜುಲೈ 1ರ ಸಂಜೆ 5:29. ಅಮೆರಿಕದ ಪೂರ್ವ ತೀರದ ಸಮಯವಾದರೆ ರಾತ್ರಿ 11:59 ನಮಗೆ ಮರುದಿನ ಬೆಳಗ್ಗೆ 10:29. ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಮಾರ್ಚ್–ನವೆಂಬರ್ ಅವಧಿಯಲ್ಲಿ 9:29. ಆನ್‌ಲೈನ್ ಮಂಡನೆಗೂ ಇದೇ ಲೆಕ್ಕ. ತಾರೀಖು ತಪ್ಪಿಸಿಕೊಂಡವರು ಬಹಳ.

4. ವಿಷಯವನ್ನು ಕಿರಿದು ಮಾಡಿ

ಎಲ್ಲರೂ ಎಡವುವ ಜಾಗ ಇದು. ‘ಆಧುನಿಕ ಕನ್ನಡ ಕಾದಂಬರಿಗಳಲ್ಲಿ ಸ್ತ್ರೀ ಸಂವೇದನೆ’, ‘ಕನ್ನಡ ಸಿನಿಮಾದಲ್ಲಿ ಮಹಿಳೆಯ ಚಿತ್ರಣ’, ‘ಜಾನಪದದಲ್ಲಿ ಅಸ್ಮಿತೆ’ ಇವು ಹದಿನೈದು ನಿಮಿಷದ ವಿಷಯಗಳಲ್ಲ. ಹತ್ತು ವರ್ಷದ ಯೋಜನೆಗಳು. ಇಂಥ ಶೀರ್ಷಿಕೆ ಕಂಡ ಕೂಡಲೇ ಆಯ್ಕೆ ಸಮಿತಿಗೆ ಗೊತ್ತಾಗುತ್ತದೆ, ಬರೆದವರ ಕೈಯಲ್ಲಿ ಇನ್ನೂ ಸಾಮಗ್ರಿ ಇಲ್ಲ ಎಂದು.

ಕಿರಿದು ಮಾಡಲು ಮೂರು ಅಳತೆ ಸಾಕು: ಒಂದು ಸಾಮಗ್ರಿ, ಒಂದು ಪ್ರಶ್ನೆ, ಒಂದು ಎದುರಾಳಿ. ಎದುರಾಳಿ ಎಂದರೆ ನೀವು ಒಪ್ಪದ, ಅಥವಾ ಅರ್ಧ ಮಾತ್ರ ಒಪ್ಪುವ ಒಂದು ಪ್ರಚಲಿತ ನಿಲುವು. ಅದಿಲ್ಲದಿದ್ದರೆ ನಿಮ್ಮ ಪ್ರಬಂಧ ವರದಿಯಾಗುತ್ತದೆ, ವಾದವಾಗುವುದಿಲ್ಲ.

ಯಕ್ಷಗಾನವನ್ನೇ ತೆಗೆದುಕೊಳ್ಳಿ. ‘ಯಕ್ಷಗಾನ ಮತ್ತು ಲಿಂಗತ್ವ’ ಎಂದರೆ ಸಮುದ್ರ. ಅದರ ಉತ್ತರದ ಶೈಲಿಯನ್ನಷ್ಟೇ ಹಿಡಿದು ‘ಬಡಗುತಿಟ್ಟಿನ ಸ್ತ್ರೀವೇಷ’ ಎಂದರೂ ದೊಡ್ಡದೇ. ವೃತ್ತಿಮೇಳಗಳಲ್ಲಿ ಸ್ತ್ರೀವೇಷವನ್ನು ಬಹುಕಾಲ ಗಂಡಸರೇ ಕಟ್ಟಿದರು. ನಡಿಗೆ, ಸೆರಗು, ದನಿಯ ಮಟ್ಟ ಎಲ್ಲ ಅವರ ಮೈಯಲ್ಲಿ ರೂಪುಗೊಂಡವು. ಈಗ ಮಹಿಳಾ ತಂಡಗಳಲ್ಲಿ ಹೆಣ್ಣುಮಕ್ಕಳು ಅದೇ ಸ್ತ್ರೀವೇಷ ಕಟ್ಟುತ್ತಾರೆ. ಅವರು ಅನುಕರಿಸುವುದು ಯಾರನ್ನು? ಹೀಗೆ ಕೇಳಿದ ತಕ್ಷಣ ಪ್ರಶ್ನೆ ಮೊನಚಾಗುತ್ತದೆ, ಸಾಮಗ್ರಿಯೂ ಸಿಗುತ್ತದೆ: ಒಂದೇ ಪ್ರಸಂಗದ ಎರಡು ಪ್ರದರ್ಶನಗಳ ಚಿತ್ರೀಕರಿಸಿದ ದೃಶ್ಯ, ನಾಲ್ಕೈದು ಕಲಾವಿದರ ಜೊತೆ ಮಾತುಕತೆ. ಎದುರಾಳಿಯೂ ಅಲ್ಲೇ ಇದ್ದಾನೆ: ‘ಹೆಣ್ಣು ಕಟ್ಟಿದರೆ ಸ್ತ್ರೀವೇಷ ಸಹಜವಾಗುತ್ತದೆ’ ಎಂಬ ನಂಬಿಕೆ.

ಬೇರೆಯವರು ಇದನ್ನೇ ಮಾಡಿದ್ದಾರೆಯೇ ಎಂದು ಭಾರತದ ಮಹಾಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ನೋಡಿ. ಕನ್ನಡ ಮಹಾಪ್ರಬಂಧಗಳ ಶೀರ್ಷಿಕೆ ಅಲ್ಲಿ ಇಂಗ್ಲಿಷ್ ಲಿಪಿಯಲ್ಲೂ ಕನ್ನಡದಲ್ಲೂ ದಾಖಲಾಗಿರುತ್ತದೆ. ಎರಡೂ ಬಗೆಯಲ್ಲಿ, ಎರಡು ಮೂರು ಕಾಗುಣಿತದಲ್ಲಿ ಹುಡುಕಬೇಕು.

5. ಸಾರಲೇಖ ಬರೆಯಿರಿ

ಸಾರಲೇಖ ಪೀಠಿಕೆಯೂ ಅಲ್ಲ, ಪ್ರಸ್ತಾವನೆಯೂ ಅಲ್ಲ. ‘ಪುರಾತನ ಕಾಲದಿಂದಲೂ ಮಹಿಳೆ…’ ಎಂದು ಶುರುವಾದರೆ ಓದುವವರು ಎರಡನೇ ಸಾಲಿಗೆ ಕಣ್ಣು ಹಾಯಿಸಿ ಮುಂದಿನ ಅರ್ಜಿಗೆ ಹೋಗುತ್ತಾರೆ. 250 ಪದಗಳನ್ನು ಹೀಗೆ ಹಂಚಿ.

ಮೊದಲ 50 ಪದ: ಸಾಮಗ್ರಿ ಮತ್ತು ಸಂದರ್ಭ. ಮಾದರಿಗೆಂದು ಮೇಲಿನ ವಿಷಯದ್ದೇ ಸಾಲು: ‘ಬಡಗುತಿಟ್ಟಿನ ಸ್ತ್ರೀವೇಷದ ಆಂಗಿಕ, ವಾಚಿಕಗಳು ಗಂಡು ಕಲಾವಿದರ ಕೈಯಲ್ಲಿ ರೂಪುಗೊಂಡವು. ಇಂದು ಮಹಿಳಾ ತಂಡಗಳಲ್ಲಿ ಹೆಣ್ಣುಮಕ್ಕಳು ಇದೇ ವೇಷವನ್ನು ಕಟ್ಟುತ್ತಿದ್ದಾರೆ.’

ಮುಂದಿನ 50: ಈಗಾಗಲೇ ಏನು ಹೇಳಲಾಗಿದೆ, ಎಲ್ಲಿ ಸಾಲದು. ಇಲ್ಲಿ ಒಬ್ಬರೋ ಇಬ್ಬರೋ ವಿದ್ವಾಂಸರ ಹೆಸರು ಬಂದರೆ ಸಾಕು. ಓದದೆ ಹೆಸರು ಹಾಕಬೇಡಿ. ಲಿಂಗತ್ವದ ಸಿದ್ಧಾಂತಿ ಜುಡಿತ್ ಬಟ್ಲರ್ ಹೆಸರು ಲಿಂಗತ್ವದ ಸಾರಲೇಖಗಳಲ್ಲೆಲ್ಲ ಇರುತ್ತದೆ, ಗೋಷ್ಠಿಯಲ್ಲಿ ಅದೇ ಪ್ರಶ್ನೆಯಾಗಿ ತಿರುಗಿ ಬರುತ್ತದೆ.

ಆಮೇಲೆ 100 ಪದ: ನಿಮ್ಮ ವಾದ. ‘ಈ ಪ್ರಬಂಧ ಚರ್ಚಿಸುತ್ತದೆ’, ‘ಪರಿಶೀಲಿಸುತ್ತದೆ’, ‘ಬೆಳಕು ಚೆಲ್ಲುತ್ತದೆ’ ಎಂಬ ಕ್ರಿಯಾಪದಗಳನ್ನು ಹೊಡೆದು ಹಾಕಿ. ಅವು ಏನನ್ನೂ ಹೇಳುವುದಿಲ್ಲ. ಬದಲಿಗೆ: ‘ಹೆಣ್ಣುಮಕ್ಕಳು ಕಟ್ಟುವ ಸ್ತ್ರೀವೇಷ ಹೆಣ್ಣಿನ ನಡೆಯನ್ನಲ್ಲ, ಗಂಡು ಕಲಾವಿದ ಕಟ್ಟಿದ ಹೆಣ್ಣಿನ ನಡೆಯನ್ನು ಕಲಿತು ಆಡುತ್ತದೆ, ಅದರಿಂದ ಅವರು ಬೇರೆಯಾಗುವುದು ಮಾತುಗಾರಿಕೆಯಲ್ಲಿ ಮಾತ್ರ ಎಂಬುದು ನನ್ನ ವಾದ.’ ತಪ್ಪೆಂದು ಯಾರಾದರೂ ಹೇಳಲು ಸಾಧ್ಯವಿರುವ ವಾಕ್ಯವೇ ವಾದ.

ಉಳಿದ 50: ವಿಧಾನ, ಮತ್ತು ಕರೆಯ ಪ್ರಶ್ನೆಗೆ ಇದು ಹೇಗೆ ಕೂಡುತ್ತದೆ ಎಂಬ ಒಂದು ಸಾಲು. ಎಷ್ಟು ಪ್ರದರ್ಶನ ನೋಡಿದ್ದೀರಿ, ಎಷ್ಟು ಜನರನ್ನು ಮಾತಾಡಿಸಿದ್ದೀರಿ ಎಂಬ ಸಂಖ್ಯೆ ಕೊಡಿ. ಇನ್ನೂ ಮಾಡದ ಸಂದರ್ಶನವನ್ನು ಮಾಡಿದ್ದೇನೆ ಎಂದು ಬರೆಯಬೇಡಿ.

ಶೀರ್ಷಿಕೆಯನ್ನು ಕೊನೆಗೆ ಇಡಿ. ಹದಿನೈದು ಪದ ದಾಟದಿರಲಿ, ಸಾಮಗ್ರಿಯ ಹೆಸರು ಅದರಲ್ಲೇ ಬರಲಿ. ಮೂರರಿಂದ ಐದು ಸೂಚಕ ಪದ ಕೇಳಿದ್ದರೆ ‘ಸಮಾಜ’, ‘ಸಂಸ್ಕೃತಿ’ಯಂಥವು ಬೇಡ, ಗೋಷ್ಠಿ ಹಂಚುವವರು ನಿಮ್ಮನ್ನು ಎಲ್ಲಿ ಕೂರಿಸಬೇಕೆಂದು ನೋಡುವುದು ಈ ಪದಗಳನ್ನೇ. ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಸಾರಲೇಖ ಬರೆಸುವವರಿಗೆ ಒಂದು ಮಾತು: ಅದು ಇಲ್ಲದ ಪುಸ್ತಕಗಳನ್ನೂ ಇದ್ದಂತೆ ಉಲ್ಲೇಖಿಸುತ್ತದೆ. ಆ ಪುಸ್ತಕ ಕೈಗೆತ್ತಿಕೊಂಡು ಪುಟ ತೆರೆಯುವ ತನಕ ಅದರ ಹೆಸರು ಬರೆಯಬೇಡಿ.

6. ಕಡತ, ಫಾಂಟು, ಪರಿಚಯ

ಕನ್ನಡದ ಕಡತಕ್ಕೆ ಮಾತ್ರ ಬರುವ ತಾಪತ್ರಯ ಇದು. ನುಡಿ, ಬರಹಗಳ ಹಳೆಯ ‘ಆಸ್ಕಿ’ ವಿಧಾನದಲ್ಲಿ ಕನ್ನಡದ ಅಕ್ಷರ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಸಾರಲೇಖ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ. ಅಂತರ್ಜಾಲದ ಅರ್ಜಿಗೆ ಅಂಟಿಸಿದರೂ ಅದೇ ಗತಿ. ಆದ್ದರಿಂದ ಯುನಿಕೋಡ್‌ನಲ್ಲೇ ಬೆರಳಚ್ಚು ಮಾಡಿ. ಹಳೆಯ ಕಡತವನ್ನು ಪರಿವರ್ತಿಸಿದ್ದರೆ ನಾಲ್ಕು ಕಡೆ ಕಣ್ಣಿಡಿ: ಅರ್ಕಾವೊತ್ತು, ಎರಡೆರಡು ಒತ್ತಕ್ಷರ ಇರುವ ಪದ, ಉದ್ಧರಣ ಚಿಹ್ನೆ, ಮತ್ತು ನಡುವೆ ಇಂಗ್ಲಿಷಿನಲ್ಲಿದ್ದ ಪದಗಳು. ಈ ಕೊನೆಯವು ಪರಿವರ್ತನೆಯಲ್ಲಿ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ.

ಸಂಘಟಕರು ‘ನುಡಿ 01 ಇ, 14 ಗಾತ್ರ’ ಎಂದೇ ಕೇಳಿದ್ದರೆ ಅದರಲ್ಲೇ ಕೊಡಿ, ಜೊತೆಗೆ ಪಿಡಿಎಫ್ ಪ್ರತಿಯನ್ನೂ ಲಗತ್ತಿಸಿ. ಕಡತದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಿಮ್ಮ ಹೆಸರಿನಿಂದ ಶುರುವಾಗಲಿ. ‘ಸಾರಲೇಖ ಹೊಸದು ಕೊನೆಯದು 2’ ಎಂಬ ಹೆಸರಿನ ಕಡತ ಸಂಘಟಕರ ಬಳಿ ಆಗಲೇ ಹತ್ತಾರು ಇರುತ್ತವೆ.

ಹೆಸರು ಮರೆಮಾಚಿ ಕಳಿಸಲು ಹೇಳಿದ್ದರೆ ಪುಟದಿಂದ ಅಳಿಸಿದರೆ ಸಾಲದು, ಕಡತದ ಗುಣಲಕ್ಷಣದಲ್ಲಿ ‘ಲೇಖಕ’ ಎಂದಿರುವ ಕಡೆಯೂ ಅಳಿಸಿ. ಪರಿಚಯ ಟಿಪ್ಪಣಿ 50ರಿಂದ 80 ಪದ, ಪ್ರಥಮ ಪುರುಷದಲ್ಲಿ (‘ನಾನು’ ಎಂದಲ್ಲ, ‘ಇವರು’ ಎಂದು): ಎಲ್ಲಿ ಓದುತ್ತಿದ್ದೀರಿ, ಯಾವುದರ ಮೇಲೆ ಕೆಲಸ, ಪ್ರಕಟಣೆ ಇದ್ದರೆ ಒಂದು. ಶಾಲೆಯ ಬಹುಮಾನ ಬೇಡ.

7. ಆಯ್ಕೆಯಾದ ಮೇಲೆ

ಒಪ್ಪಿಗೆ ಪತ್ರ ಬಂದ ಎರಡು ದಿನದೊಳಗೆ ಉತ್ತರಿಸಿ. ಹೋಗಲಾಗದಿದ್ದರೆ ಆಗಲೇ ಹೇಳಿ. ಹೆಸರು ಅಚ್ಚಾದ ಮೇಲೆ ಬಾರದವರನ್ನು ಸಂಘಟಕರು ನೆನಪಿಟ್ಟುಕೊಳ್ಳುತ್ತಾರೆ.

ಹೊರದೇಶವಾದರೆ ವೀಸಾ ಕೆಲಸ ಅಂದೇ ಶುರುವಾಗಬೇಕು. ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳಿಗೆ ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಹೊರಡಲು 15 ದಿನ ಇರುವಾಗಲಾದರೂ ಹಾಕಿರಬೇಕು. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಅಮೆರಿಕಕ್ಕೆ ಸಮ್ಮೇಳನದ ಪ್ರಯಾಣ ಬಿ-1 ವರ್ಗದಲ್ಲಿ ಬರುತ್ತದೆ, ಸಂದರ್ಶನದ ದಿನಾಂಕ ಸಿಗಲು ತಿಂಗಳುಗಳೇ ಹಿಡಿಯಬಹುದು. ಒಪ್ಪಿಗೆಯ ಇಮೇಲ್ ಸಾಲದು. ನಿಮ್ಮ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು, ಪ್ರಬಂಧದ ಶೀರ್ಷಿಕೆ, ದಿನಾಂಕ, ಖರ್ಚು ಯಾರದು ಎಂಬುದು ಇರುವ ಸಹಿ ಹಾಕಿದ ಆಹ್ವಾನ ಪತ್ರ ಕೇಳಿ ಪಡೆಯಿರಿ. ನಮ್ಮಲ್ಲಿ ತಂದೆಯ ಹೆಸರಿನ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬಿಡಿಸಿ ಬರೆದಿರುತ್ತದೆ. ಪತ್ರದಲ್ಲಿ ಅದು ಹೊಂದಿಕೆಯಾಗದಿದ್ದರೆ ವೃಥಾ ಅಲೆದಾಟ.

ಶುಲ್ಕ ವಿನಾಯಿತಿ, ಪ್ರಯಾಣ ನೆರವು ಕೇಳಲು ನಾಚಬೇಡಿ. ಹಲವು ಸಂಘಗಳಲ್ಲಿ ವಿದ್ಯಾರ್ಥಿಗಳಿಗೆ ಕಡಿಮೆ ದರ ಇದೆ. ನೆರವಿನ ಅರ್ಜಿಗೆ ಪ್ರತ್ಯೇಕ ಕೊನೆಯ ದಿನ ಇರುತ್ತದೆ, ಅದು ನೋಂದಣಿಗಿಂತ ಮುಂಚೆಯೇ ಮುಗಿದಿರುತ್ತದೆ.

8. ಪ್ರಬಂಧವನ್ನು ಕಿವಿಗಾಗಿ ಬರೆಯಿರಿ

ಮಹಾಪ್ರಬಂಧದ ಒಂದು ಅಧ್ಯಾಯವನ್ನು ಹಿಡಿದುಕೊಂಡು ಹೋಗಿ ‘ಸಮಯದ ಅಭಾವದಿಂದ ಇದನ್ನು ಬಿಡುತ್ತೇನೆ’ ಎಂದು ಪುಟ ಮಗುಚುವುದು ನಮ್ಮ ಗೋಷ್ಠಿಗಳ ದೊಡ್ಡ ರೋಗ. ಇಂಗ್ಲಿಷಿನಲ್ಲಿ ಎರಡು ಸಾಲಿನ ಅಂತರದ ಒಂದು ಪುಟ, ಅಂದರೆ ಸುಮಾರು 250 ಪದ, ಓದಲು ಎರಡು ನಿಮಿಷ ಬೇಕು. 15 ನಿಮಿಷಕ್ಕೆ ಏಳು ಪುಟ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯಗಳು ಪದಕ್ಕೇ ಅಂಟಿಕೊಂಡು ಪದ ಉದ್ದವಾಗುವುದರಿಂದ 15 ನಿಮಿಷಕ್ಕೆ ಸುಮಾರು 1,300ರಿಂದ 1,500 ಪದ ಸಾಕು. ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಮನಸ್ಸಿನಲ್ಲಿ ಓದಿದ ಲೆಕ್ಕ ಯಾವಾಗಲೂ ಸುಳ್ಳು ಹೇಳುತ್ತದೆ.

ವಾದವನ್ನು ಎರಡನೇ ನಿಮಿಷದೊಳಗೆ ಹೇಳಿಬಿಡಿ. ಆಮೇಲೆ ಎರಡು, ಹೆಚ್ಚೆಂದರೆ ಮೂರು ಉದಾಹರಣೆ. ಸಿದ್ಧಾಂತಕ್ಕೆ ಒಂದು ಪ್ಯಾರಾ. ಕೇಳುವವರಿಗೆ ಪುಟ ಹಿಂದಕ್ಕೆ ತಿರುಗಿಸಲು ಬರುವುದಿಲ್ಲ, ಹಾಗಾಗಿ ‘ಮೇಲೆ ಹೇಳಿದಂತೆ’ ಬೇಡ. ಹೇಳಿದ್ದನ್ನು ಇನ್ನೊಮ್ಮೆ ಹೇಳಿ.

ಇನ್ನೊಂದು ಮುಖ್ಯ ತಯಾರಿ: ಏಳು ನಿಮಿಷದ ಪ್ರತಿಯೊಂದನ್ನು ಬೇರೆಯಾಗಿ ಮಾಡಿಟ್ಟುಕೊಳ್ಳಿ. ಉದ್ಘಾಟನೆಗೆ ಅತಿಥಿಗಳು ತಡವಾಗಿ ಬಂದು, ಸನ್ಮಾನ, ಪುಸ್ತಕ ಬಿಡುಗಡೆ ಎಲ್ಲ ಮುಗಿಯುವ ಹೊತ್ತಿಗೆ ಊಟದ ಸಮಯವಾಗಿರುತ್ತದೆ. ಕತ್ತರಿ ಬೀಳುವುದು ಮಧ್ಯಾಹ್ನದ ಸಂಶೋಧನಾರ್ಥಿಗಳ ಗೋಷ್ಠಿಗೇ. ಅಲ್ಲೇ ಕೂತು ಅಡ್ಡಗೆರೆ ಎಳೆದು ಕಿರಿದು ಮಾಡಿದರೆ ವಾದ ಹೋಗಿ ಪೀಠಿಕೆ ಉಳಿಯುತ್ತದೆ.

ಕನ್ನಡ ಬಾರದ ಸಭೆಯಲ್ಲಿ ಕನ್ನಡದ ಸಾಲುಗಳನ್ನು ಮುಚ್ಚಿಡಬೇಡಿ. ಪರದೆಯ ಮೇಲೆ ಮೂಲ, ಕೆಳಗೆ ಅನುವಾದ. ಎರಡು ಸಾಲನ್ನಾದರೂ ಕನ್ನಡದಲ್ಲಿ ಓದಿ, ಬಳಿಕ ಅನುವಾದ ಓದಿ. ಅನುವಾದ ಯಾರದೆಂದು ಹೇಳಿ. ನಿಮ್ಮದೇ ಆದರೆ ಅದನ್ನೂ ಹೇಳಿ. ಲಿಪ್ಯಂತರಕ್ಕೆ ಐಎಸ್‌ಒ 15919 ಪದ್ಧತಿ ಬಳಸಿದರೆ ‘ಳ’, ‘ಣ’, ‘ಟ’ಗಳು ‘ಲ’, ‘ನ’, ‘ತ’ಗಳಿಂದ ಬೇರೆಯಾಗಿ ಉಳಿಯುತ್ತವೆ. ಆದರೆ ವ್ಯಕ್ತಿ, ಊರಿನ ಹೆಸರಿಗೆ ರೂಢಿಯ ಕಾಗುಣಿತವೇ ಇರಲಿ. ಜಾತಿ, ಬಂಧುತ್ವ, ಆರಾಧನೆಗೆ ಸಂಬಂಧಿಸಿದ ಪದವನ್ನು ಅನುವಾದಿಸುವ ಬದಲು ಮೂಲ ಪದ ಇಟ್ಟುಕೊಂಡು ಒಮ್ಮೆ ವಿವರಿಸಿ.

9. ಜನರ ಮೇಲೆ ಬರೆಯುವಾಗ

ಲಿಂಗತ್ವ, ಅಸ್ಮಿತೆಯ ಪ್ರಬಂಧಗಳಲ್ಲಿ ನಿಮ್ಮ ‘ಸಾಮಗ್ರಿ’ ಬದುಕಿರುವ ಮನುಷ್ಯರು. ಸಂದರ್ಶನಕ್ಕೆ ಒಪ್ಪಿದವರು ಫೋಟೊ ಪ್ರದರ್ಶಿಸಲು ಒಪ್ಪಿದ್ದಾರೆ ಎಂದು ತಿಳಿಯಬೇಡಿ. ಸಂಭಾಷಣೆ, ಧ್ವನಿಮುದ್ರಣ, ಚಿತ್ರ, ಪ್ರಕಟಣೆ ನಾಲ್ಕಕ್ಕೂ ಬೇರೆ ಬೇರೆಯಾಗಿ, ಅವರ ಭಾಷೆಯಲ್ಲಿ ಒಪ್ಪಿಗೆ ಪಡೆಯಿರಿ. ಹೆಸರು ಬದಲಿಸಿದರೂ ಊರು, ಮೇಳ, ವಯಸ್ಸು ಸೇರಿಸಿ ಹೇಳಿದರೆ ಗುರುತು ಸಿಕ್ಕೇ ಸಿಗುತ್ತದೆ.

ಜೋಗತಿ, ಜೋಗಪ್ಪ, ಹಿಜ್ರಾ, ಟ್ರಾನ್ಸ್ ಮಹಿಳೆ ಇವೆಲ್ಲ ಒಂದೇ ಅಲ್ಲ. ಎಲ್ಲಮ್ಮನ ಪರಂಪರೆಗೆ ಸೇರಿದ ಜೋಗತಿ, ಜೋಗಪ್ಪರನ್ನು ಒಂದೇ ಗೆರೆಯಲ್ಲಿ ಬೇರೆಯವರ ಜೊತೆ ಸೇರಿಸಿಬಿಡುವ ಪ್ರಬಂಧಗಳು ಇಂದಿಗೂ ಬರುತ್ತಿವೆ. ಆ ವ್ಯಕ್ತಿ ತನ್ನನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನು ಬಳಸಿ. ಕಾನೂನಿನ ಉಲ್ಲೇಖ ಬೇಕಾದರೆ ವರ್ಷ ಸರಿ ಇರಲಿ: ತೃತೀಯ ಲಿಂಗವನ್ನು ಮಾನ್ಯ ಮಾಡಿದ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು 2014ರದು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಸೆಕ್ಷನ್ 377ರ ಮೇಲಿನ ನವತೇಜ್ ಜೋಹರ್ ತೀರ್ಪು 2018ರದು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆ 2019ರದು. ಇವನ್ನು ಅದಲು ಬದಲು ಮಾಡಿ ಬರೆದದ್ದು ಬಹಳ ಕಡೆ ಸಿಗುತ್ತದೆ.

ಜನಪ್ರಿಯ ಸಂಸ್ಕೃತಿಯವರು ಸಾಮಾಜಿಕ ಜಾಲತಾಣದ ಪ್ರತಿಕ್ರಿಯೆಗಳ ಚಿತ್ರ ಹಾಕುತ್ತಾರೆ. ಸಾಮಾನ್ಯ ಬಳಕೆದಾರರ ಹೆಸರು, ಮುಖ ಮಸುಕಾಗಿಸಿ. ಸಿನಿಮಾ, ಧಾರಾವಾಹಿಯ ತುಣುಕು ತೋರಿಸಲು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗೆ, ಸಂಶೋಧನೆಗೆ ಅವಕಾಶ ಕೊಡುತ್ತದೆ. ‘30 ಸೆಕೆಂಡ್ ಆದರೆ ತೊಂದರೆಯಿಲ್ಲ’ ಎಂಬ ನಿಯಮ ಅದರಲ್ಲಿ ಎಲ್ಲೂ ಇಲ್ಲ. ವಾದಕ್ಕೆ ಬೇಕಾದಷ್ಟನ್ನೇ ತೋರಿಸಿ, ನಿಲ್ಲಿಸಿ, ಮಾತಾಡಿ.

10. ಮಂಡನೆಯ ದಿನ

ಎಂಟರಿಂದ ಹತ್ತು ಸ್ಲೈಡ್ ಸಾಕು. ಇಡೀ ಪ್ಯಾರಾ ಹಾಕಿ ಅದನ್ನೇ ಓದಬೇಡಿ. ಕನ್ನಡ ಅಕ್ಷರ ಇರುವ ಸ್ಲೈಡಿನ ಪಿಡಿಎಫ್ ಪ್ರತಿ ಜೊತೆಗಿರಲಿ; ಸಭಾಂಗಣದ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಅಕ್ಷರಗಳು ಒಡೆದು ಚೌಕವಾಗುತ್ತವೆ. ವಿಡಿಯೊವನ್ನು ಅಂತರ್ಜಾಲದಿಂದ ಓಡಿಸುವ ಸಾಹಸ ಬೇಡ, ಪೆನ್‌ಡ್ರೈವ್‌ನಲ್ಲಿ ಪ್ರತ್ಯೇಕ ಕಡತವಾಗಿ ಇಟ್ಟುಕೊಳ್ಳಿ. ಹಳೆಯ ಪ್ರೊಜೆಕ್ಟರ್‌ಗಳಿಗೆ ವಿಜಿಎ ತಂತಿ ಮಾತ್ರ ಹೊಂದುತ್ತದೆ. ಹೊಸ ಲ್ಯಾಪ್‌ಟಾಪ್ ಇದ್ದರೆ ಸಂಪರ್ಕದ ಅಡಾಪ್ಟರ್ ಒಯ್ಯಿರಿ, ವಿಜಿಎಯಲ್ಲಿ ಧ್ವನಿ ಬಾರದು ಎಂಬುದೂ ನೆನಪಿರಲಿ.

ಗೋಷ್ಠಿ ಶುರುವಾಗುವ ಹದಿನೈದು ನಿಮಿಷ ಮುಂಚೆ ಅಧ್ಯಕ್ಷರಿಗೆ ನಿಮ್ಮ ಹೆಸರಿನ ಉಚ್ಚಾರ ಹೇಳಿ. ವೇದಿಕೆಯ ಗಣ್ಯರನ್ನು ಒಬ್ಬೊಬ್ಬರಾಗಿ ಸಂಬೋಧಿಸುತ್ತಾ ಹೋದರೆ ಒಂದು ನಿಮಿಷ ಖರ್ಚು. ‘ಎಲ್ಲರಿಗೂ ನಮಸ್ಕಾರ’ ಎಂದು ವಿಷಯಕ್ಕೆ ಇಳಿಯಿರಿ.

ಪ್ರಶ್ನೋತ್ತರದಲ್ಲಿ ಮೂರು ಬಗೆಯವರು ಸಿಗುತ್ತಾರೆ. ನಿಜವಾಗಿ ಕೇಳುವವರ ಪ್ರಶ್ನೆಯನ್ನು ಬರೆದುಕೊಂಡು ಉತ್ತರಿಸಿ. ಪ್ರಶ್ನೆಯ ಹೆಸರಲ್ಲಿ ಭಾಷಣ ಮಾಡುವವರಿಗೆ ಅವರ ಮಾತಿನಲ್ಲಿ ನಿಮಗೆ ಬೇಕಾದ ಒಂದು ಅಂಶ ಹಿಡಿದು ಎರಡು ವಾಕ್ಯದಲ್ಲಿ ಮುಗಿಸಿ. ಮೂರನೆಯವರು ‘ಇದೆಲ್ಲ ಪಾಶ್ಚಾತ್ಯ ಸಿದ್ಧಾಂತ, ನಮ್ಮಲ್ಲಿ ಎಲ್ಲಿದೆ?’ ಎನ್ನುತ್ತಾರೆ. ಸಿದ್ಧಾಂತದ ಪರ ವಕಾಲತ್ತಿಗೆ ಇಳಿಯದೆ ಸಾಮಗ್ರಿಗೆ ಮರಳಿ: ಕಲಾವಿದೆಯೇ ಹೀಗೆ ಹೇಳಿದ್ದಾರೆ, ಪ್ರದರ್ಶನದಲ್ಲಿ ಹೀಗಿದೆ. ನಿಮ್ಮ ಜಾತಿ, ಲಿಂಗ, ಲೈಂಗಿಕತೆಯನ್ನು ಕೆದಕುವ ಪ್ರಶ್ನೆ ಬಂದರೆ ಉತ್ತರಿಸುವ ಬಾಧ್ಯತೆ ನಿಮಗಿಲ್ಲ. ‘ಪ್ರಬಂಧದ ಬಗ್ಗೆ ಕೇಳಿ’ ಎಂದರೆ ಸಾಕು, ಅಧ್ಯಕ್ಷರು ಮಧ್ಯೆ ಬರಬೇಕು.

11. ಮುಗಿದ ಮೇಲೆ

ಹೊರಡುವ ಮುನ್ನ ಪ್ರಮಾಣಪತ್ರ ಓದಿ. ಹೆಸರು, ಶೀರ್ಷಿಕೆ, ದಿನಾಂಕ ಸರಿ ಇವೆಯೇ, ‘ಭಾಗವಹಿಸಿದ್ದಾರೆ’ ಎಂದಿದೆಯೋ ‘ಪ್ರಬಂಧ ಮಂಡಿಸಿದ್ದಾರೆ’ ಎಂದಿದೆಯೋ ನೋಡಿ. ಎರಡಕ್ಕೂ ಬೆಲೆ ಬೇರೆ. ಅಧ್ಯಾಪಕರ ನೇಮಕಾತಿ ಕುರಿತ ಯುಜಿಸಿಯ 2018ರ ನಿಯಮದ ಸಂಶೋಧನಾ ಅಂಕದಲ್ಲಿ ವಿದೇಶದ ಅಂತರರಾಷ್ಟ್ರೀಯ ಮಂಡನೆಗೆ 7, ದೇಶದೊಳಗಿನ ಅಂತರರಾಷ್ಟ್ರೀಯಕ್ಕೆ 5, ರಾಷ್ಟ್ರೀಯಕ್ಕೆ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟಕ್ಕೆ 2 ಅಂಕ. ಮಂಡಿಸಿದ್ದನ್ನೇ ಸಂಕಿರಣದ ಸಂಪುಟದಲ್ಲಿ ಅಚ್ಚು ಮಾಡಿಸಿದರೂ ಒಂದೇ ಸಲ ಲೆಕ್ಕ.

ಆ ಸಂಪುಟದ ವಿಷಯ. ‘ಐಎಸ್‌ಬಿಎನ್ ಇರುವ ಪುಸ್ತಕದಲ್ಲಿ ಪ್ರಕಟಿಸುತ್ತೇವೆ’ ಎಂದು ದುಡ್ಡು ಕೇಳುತ್ತಾರೆ. ಐಎಸ್‌ಬಿಎನ್ ಎಂಬ 13 ಅಂಕಿಯ ಸಂಖ್ಯೆ ಭಾರತದಲ್ಲಿ ಪ್ರಕಾಶಕರಿಗೆ ಉಚಿತವಾಗಿಯೇ ಸಿಗುತ್ತದೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಯತಕಾಲಿಕೆಗೆ ಇರುವುದು 8 ಅಂಕಿಯ ಐಎಸ್‌ಎಸ್‌ಎನ್; ಅದೂ ಬರೀ ಗುರುತಿನ ಸಂಖ್ಯೆ. ತಮ್ಮ ಪತ್ರಿಕೆ ಯುಜಿಸಿ ಒಪ್ಪಿದ ಪತ್ರಿಕೆಗಳ ‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’ ಎಂದು ಇನ್ನೂ ಜಾಹೀರಾತು ಮಾಡುವವರಿದ್ದಾರೆ. ಯುಜಿಸಿ ಆ ಪಟ್ಟಿಯನ್ನು ನಿಲ್ಲಿಸಿದ್ದಾಗಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದೆ. ಈಗ ಪತ್ರಿಕೆಯ ಗುಣಮಟ್ಟ ತೀರ್ಮಾನಿಸುವ ಹೊಣೆ ಆಯಾ ಸಂಸ್ಥೆಯದು. ಹಾಗಾಗಿ ಕಳಿಸುವ ಮೊದಲು ನಿಮ್ಮ ವಿಭಾಗ ಆ ಪತ್ರಿಕೆಯನ್ನು ಒಪ್ಪುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ.

ನಿಮ್ಮ ಒಳ್ಳೆಯ ಪ್ರಬಂಧವನ್ನು ಸಂಪುಟಕ್ಕೆ ಅವಸರದಲ್ಲಿ ಕೊಟ್ಟುಬಿಡಬೇಡಿ. ಒಮ್ಮೆ ಅಚ್ಚಾದದ್ದನ್ನು ಪರಿಣತರು ಪರಿಶೀಲಿಸುವ ಪತ್ರಿಕೆಗಳು ತೆಗೆದುಕೊಳ್ಳುವುದಿಲ್ಲ. ಅದೇ ಬರಹ ಮುಂದೆ ಮಹಾಪ್ರಬಂಧದಲ್ಲಿ ಬಂದಾಗ ಹೋಲಿಕೆ ತಪಾಸಣೆಯಲ್ಲಿ ನಿಮ್ಮದೇ ಸಾಲುಗಳು ಕೆಂಪಾಗಿ ಕಾಣುತ್ತವೆ. ಆಗ ಹಿಂದಿನ ಪ್ರಕಟಣೆಯ ಪ್ರತಿ ಲಗತ್ತಿಸಿ, ಮಾರ್ಗದರ್ಶಕರಿಂದ ಟಿಪ್ಪಣಿ ಬರೆಸಬೇಕಾಗುತ್ತದೆ. ಸಂಪುಟಕ್ಕೆ ಕೊಡಲೇಬೇಕಾದರೆ ಮಂಡಿಸಿದ 1,500 ಪದವನ್ನಷ್ಟೇ ಕೊಡಿ. ಗೋಷ್ಠಿಯಲ್ಲಿ ಬಂದ ಪ್ರಶ್ನೆಗಳನ್ನು ಸೇರಿಸಿ ಬೆಳೆಸಿದ 6,000 ಪದದ ಬರಹ ಪತ್ರಿಕೆಗಿರಲಿ. ಆ ಪ್ರಶ್ನೆಗಳನ್ನು ಊರಿಗೆ ಮರಳುವ ಬಸ್ಸಿನಲ್ಲೇ ಬರೆದಿಟ್ಟುಕೊಳ್ಳಿ, ಕೇಳಿದವರ ಹೆಸರಿನ ಸಮೇತ. ಲೇಖನದ ಕೊನೆಯ ಕೃತಜ್ಞತೆಗೆ ಬೇಕಾಗುತ್ತದೆ.